ಕಣ್ಣಿಗೆ ಕಟ್ಟಿದ ಪಾಠ

ಪಾಠವು ಕಣ್ಣಿಗೆ ಕಟ್ಟುವಂತಿರಬೇಕೆಂಬುದು ಉಪಾಧ್ಯಾಯವರ್ಗದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮಾತು. ತನಿಖೆಗೆ ಬಂದ ಇನ್ಸ್‌ಪೆಕ್ಟರುಗಳು ಒಳ್ಳೆಯ ಉಪಾಧ್ಯಾಯನ ವಿಷಯವಾಗಿ ಬರೆದುಹೋಗುತ್ತಿದ್ದುದೂ ಹೆಚ್ಚುಕಡಮೆ ಇದೇ ಮಾತು. ಅಲ್ಲಿ ಕಟ್ಟುವವನು ಉಪಾಧ್ಯಾಯ. ಕಟ್ಟುವ ಸಾಧನವು ಅವನ ವಾಕ್ಕು, ಒಂದು ತುಂಡು ಸೀಮೆಸುಣ್ಣ, ಹೆಚ್ಚೆಂದರೆ ಗೋಡೆಯ ಮೇಲಿನ ಭೂಪಟ. ಈಚೆಗೆ ಈ ಮಾತಿಗೆ ಅಕ್ಷರಶಃ ಅರ್ಥವು ಬಂದೊದಗಿದೆ. ಮಗುವಿನ ಕಣ್ಣಿಗೆ ಒಂದು ಪೆಟ್ಟಿಗೆಯನ್ನು ಪಟ್ಟಿಯಿಂದ ಬಿಗಿದು ಕಟ್ಟಿ, ಅದರೊಳಗೆ ಸಮುದ್ರದ ತಳವನ್ನೋ ಗ್ರಹಮಂಡಲವನ್ನೋ ರಕ್ತನಾಳದ ಒಳಗನ್ನೋ ತೋರಿಸುವ ಪದ್ಧತಿಯು ದೊಡ್ಡ ಪಟ್ಟಣಗಳ ಶಾಲೆಗಳಲ್ಲಿ ಹುಟ್ಟಿ, ನಿಧಾನವಾಗಿ ಹೋಬಳಿಯ ಶಾಲೆಗಳವರೆಗೂ ಕಾಲಿಡುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೂ ಇದರ ಹೆಸರು ಸೇರಿತು. ಇಂಗ್ಲಿಷಿನವರು ಇದನ್ನು ವರ್ಚುವಲ್ ರಿಯಾಲಿಟಿ ಎನ್ನುವರು.

ಕನ್ನಡದಲ್ಲಿ ಏನೆನ್ನಬೇಕೆಂಬ ವಿಚಾರದಲ್ಲಿ ಇನ್ನೂ ಏಕಾಭಿಪ್ರಾಯವಿಲ್ಲ. ಮಿಥ್ಯಾವಾಸ್ತವವೆಂದು ಕೆಲವರು, ಕಲ್ಪಿತ ವಾಸ್ತವವೆಂದು ಕೆಲವರು ಬರೆಯುವುದುಂಟು. ಹೇತುವಲ್ಲದೆ ಹೇತುವಿನಂತೆ ತೋರುವುದನ್ನು ನೈಯಾಯಿಕರು ಹೇತ್ವಾಭಾಸವೆಂದಂತೆ, ವಾಸ್ತವವಲ್ಲದೆ ವಾಸ್ತವದಂತೆ ತೋರುವ ಇದನ್ನು ವಾಸ್ತವಾಭಾಸವೆನ್ನುವುದು ಶಾಸ್ತ್ರಕ್ಕೆ ಸಮೀಪವಾದೀತು. ಆದರೆ ಆಭಾಸವೆಂದರೆ ನಾಲ್ಕು ಜನರ ಮುಂದೆ ನಗೆಗೀಡಾಗುವುದೆಂದೇ ಈಗಿನವರು ತಿಳಿಯುವುದರಿಂದ ಆ ಶಬ್ದವನ್ನು ಒತ್ತಾಯಿಸುವುದು ಕ್ಷೇಮವಲ್ಲ. ವೇದಾಂತಿಗಳು ಹಗ್ಗದಲ್ಲಿ ಕಂಡ ಹಾವಿಗೆ ಪ್ರಾತಿಭಾಸಿಕ ಸತ್ತೆಯನ್ನು ಒಪ್ಪುವರಷ್ಟೆ. ಅದು ತೋರುವಷ್ಟು ಹೊತ್ತು ಮಾತ್ರ ಇರುವುದು. ಆದರೆ ಇರುವಷ್ಟು ಹೊತ್ತು ನಿಜವಾದ ಹಾವಿನಷ್ಟೇ ನಡುಗಿಸುವುದು. ಈ ಯಂತ್ರದ ಸ್ವರೂಪವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಮಕ್ಕಳಿಗೆ ಈ ಚರ್ಚೆಯಾವುದೂ ಬೇಕಿಲ್ಲ. ಅವರು ಇದನ್ನು ಪೆಟ್ಟಿಗೆ ಎನ್ನುವರು. ಇಲ್ಲಿಯೂ ಅದೇ ಸಾಕು.

ಪೆಟ್ಟಿಗೆಯ ಮರ್ಮವು ಹೊಸದಲ್ಲ. ವಯಸ್ಕರ ಎರಡು ಕಣ್ಣುಪಾಪೆಗಳ ನಡುವೆ ಸುಮಾರು 63 ಮಿಲಿಮೀಟರ್ ಅಂತರವಿರುವುದರಿಂದ ಎಡಗಣ್ಣು ಕಂಡ ಚಿತ್ರಕ್ಕೂ ಬಲಗಣ್ಣು ಕಂಡ ಚಿತ್ರಕ್ಕೂ ಅಲ್ಪ ಭೇದವುಂಟು. ಈ ಭೇದದಿಂದಲೇ ಬುದ್ಧಿಯು ವಸ್ತುವಿನ ದೂರವನ್ನೂ ಆಳವನ್ನೂ ಊಹಿಸಿಕೊಳ್ಳುವುದು. ಚಾರ್ಲ್ಸ್ ವೀಟ್‌ಸ್ಟನ್ ಎಂಬ ಆಂಗ್ಲ ವಿದ್ವಾಂಸನು 1838ರಲ್ಲಿ ಎರಡು ಕನ್ನಡಿಗಳನ್ನು ಜೋಡಿಸಿ, ಕೈಯಿಂದ ಬರೆದ ಎರಡು ಚಪ್ಪಟೆ ಚಿತ್ರಗಳನ್ನು ಒಂದೊಂದು ಕಣ್ಣಿಗೆ ಒಂದೊಂದರಂತೆ ತೋರಿಸಿ, ಅವು ಒಂದಾಗಿ ಉಬ್ಬಿ ನಿಲ್ಲುವುದನ್ನು ಸಿದ್ಧಪಡಿಸಿದನು. ಛಾಯಾಚಿತ್ರವು ಲೋಕಕ್ಕೆ ಪ್ರಕಟವಾದುದು ಮರುವರ್ಷ. ಎಂದರೆ ಚಿತ್ರವು ಬರುವುದಕ್ಕೆ ಮುಂಚೆಯೇ ಅದನ್ನು ನೋಡುವ ಯಂತ್ರವು ಕಾದು ಕುಳಿತಿತ್ತು. ಮುಂದೆ ಕನ್ನಡಿಗಳಿಗೆ ಬದಲು ಮಸೂರಗಳು ಬಂದವು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಕೀಸ್ಟೋನ್ ಎಂಬ ಸಂಸ್ಥೆಯು ಇಂಥ ಜೋಡಿಚಿತ್ರಗಳ ಕಟ್ಟುಗಳನ್ನು ಶಾಲೆಗಳಿಗೆಂದೇ ಅಚ್ಚುಮಾಡಿ ಮಾರುತ್ತಿತ್ತು. ಅಲ್ಲಿಯ ಮಕ್ಕಳು ಬೆಂಚಿನ ಮೇಲೆ ಕುಳಿತು ಕಾಶಿಯ ಘಟ್ಟಗಳನ್ನೂ ಈಜಿಪ್ಟಿನ ಗೋಪುರಗಳನ್ನೂ ಕಂಡರು. ಇಲ್ಲಿಯ ಮಕ್ಕಳಿಗೆ ಜಾತ್ರೆಯ ಬಯೋಸ್ಕೋಪ್ ಪೆಟ್ಟಿಗೆಯ ಕಿಂಡಿಯೇ ಗತಿಯಾಗಿತ್ತು. ಅದರಲ್ಲಿ ಆಳವು ಕಾಣದಿದ್ದರೂ ಪೆಟ್ಟಿಗೆಯವನ ಮಾತಿನಿಂದ ಆ ಕೊರತೆಯು ತಿಳಿಯುತ್ತಿರಲಿಲ್ಲ. 1968ರಲ್ಲಿ ಐವನ್ ಸದರ್ಲ್ಯಾಂಡ್ ಎಂಬಾತನು ತಲೆ ತಿರುಗಿಸಿದತ್ತ ಚಿತ್ರವೂ ತಿರುಗುವ ಯಂತ್ರವನ್ನು ನಿರ್ಮಿಸಿದನು. ಅದರ ಭಾರವನ್ನು ತಲೆಯು ತಾಳಲಾರದೆಂದು ಮೇಲ್ಛಾವಣಿಗೆ ತಗುಲಿಸಬೇಕಾಯಿತು. ಆ ಭಾರವೆಲ್ಲವೂ ಈಗ ಜೇಬಿನ ಮೊಬೈಲಿನೊಳಗೆ ಅಡಗಿದೆ. 2014ರಲ್ಲಿ ಗೂಗಲ್ ಸಂಸ್ಥೆಯು ರಟ್ಟಿನ ಪೆಟ್ಟಿಗೆಯೊಂದನ್ನು ಹೊರಡಿಸಿ, ಅದರ ಬಾಯಿಗೆ ಮೊಬೈಲನ್ನು ಸಿಕ್ಕಿಸಿದರೆ ಸಾಕೆಂದು ತೋರಿಸಿತು. ಮರುವರ್ಷ ಶಾಲೆಗಳಿಗಾಗಿಯೇ ಪ್ರವಾಸಪಾಠಗಳನ್ನು ಆರಂಭಿಸಿತು. 2021ರಲ್ಲಿ ಅವನ್ನು ನಿಲ್ಲಿಸಿಯೂ ಬಿಟ್ಟಿತು. ಆರು ವರ್ಷಗಳ ಪಾಠಕ್ರಮವು ಒಂದು ಸಂಸ್ಥೆಯ ನಿರ್ಧಾರದಿಂದ ಇಲ್ಲವಾದುದನ್ನು ಶಾಲೆಯ ಹಣದ ಲೆಕ್ಕ ನೋಡುವವರು ಮರೆಯತಕ್ಕದ್ದಲ್ಲ.

ಇದಕ್ಕೆ ಎದುರಾಗಿ ತರೀಕೆರೆಯ ಸೀಮೆಯಲ್ಲಿ ಇನ್ನೊಂದು ಬಗೆಯ ಚಿತ್ರಪಾಠವುಂಟು. ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು 1196ರಲ್ಲಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು ಕಟ್ಟಿಸಿದನು. ಅಲ್ಲಿಯ ಶಾಸನವು ಕವಿ ಜನ್ನನ ರಚನೆ. ತೆರೆದ ಮಂಟಪದ ಹೊರಗೋಡೆಯ ಮೇಲೆ ದಕ್ಷಿಣಕ್ಕೆ ರಾಮಾಯಣ, ಉತ್ತರಕ್ಕೆ ಭಾಗವತ ಮತ್ತು ಭಾರತ, ಒಟ್ಟು 140 ಚಿತ್ರಗಳನ್ನು ಸಾಲಾಗಿ ಕಂಡರಿಸಿದ್ದಾರೆ. ನೋಡುವವನು ಕತ್ತು ತಿರುಗಿಸುವುದಷ್ಟೇ ಅಲ್ಲದೆ ಕಾಲನ್ನೂ ನಡೆಸಬೇಕು. ನಡೆದಂತೆ ಕಥೆಯು ಮುಂದುವರಿಯುವುದು. ರಾಮನು ಕಾಡಿಗೆ ಹೊರಟಾಗ ಮಗುವೂ ಎರಡು ಹೆಜ್ಜೆ ನಡೆಯಬೇಕು. ಎಂಟುನೂರು ವರ್ಷ ಕಳೆದರೂ ಈ ಪಾಠವನ್ನು ಯಾರೂ ಹಿಂದಕ್ಕೆ ಪಡೆದಿಲ್ಲ. ಆದರೆ ಪಕ್ಕದಲ್ಲಿ ನಿಂತು ಇವನು ಇಂಥವನೆಂದು ಹೇಳುವವರು ಇಲ್ಲದಿದ್ದರೆ ಆ ಕಲ್ಲೂ ಮೂಕವೇ. ಶಾಲೆಯ ಪ್ರವಾಸದ ಹುಡುಗರು ಅಲ್ಲಿಯ ಮೆಟ್ಟಿಲ ಮೇಲೆ ಕುಳಿತು ಬುತ್ತಿ ತಿಂದು, ಒಂದು ಚಿತ್ರವನ್ನೂ ಗುರುತಿಸದೆ ಬಸ್ಸು ಹತ್ತುವುದನ್ನು ಕಂಡವರು ಇದನ್ನು ಒಪ್ಪುವರು.

ಇನ್ನು ಸಖರಾಯಪಟ್ಟಣದ ವಿಷಯ. ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗುವ ದಾರಿಯಲ್ಲಿರುವ ಈ ಊರು ಒಂದು ಕಾಲಕ್ಕೆ ರುಕ್ಮಾಂಗದರಾಯನ ರಾಜಧಾನಿಯಾಗಿತ್ತೆಂದು ಪ್ರತೀತಿ. ಸಮೀಪದ ಅಯ್ಯನಕೆರೆಯನ್ನು ಕಟ್ಟಿಸಿದವನೂ ಅವನೇ ಎಂದು, 1156ರಲ್ಲಿ ಹೊಯ್ಸಳರ ಕಾಲದಲ್ಲಿ ಅದರ ಜೀರ್ಣೋದ್ಧಾರವಾಯಿತೆಂದು ಹೇಳುವರು. ಬಾಬಾಬುಡನ್ ಬೆಟ್ಟಗಳ ಮಗ್ಗುಲಲ್ಲಿ, ಗೋಪುರದಂತೆ ಎದ್ದು ನಿಂತ ಶಕುನಗಿರಿಯ ಬುಡದಲ್ಲಿ ಹರಡಿಕೊಂಡಿರುವ ಆ ಕೆರೆಯ ಏರಿಯ ಮೇಲೆ ಸಂಜೆ ನಿಂತರೆ ಯಾವ ಪೆಟ್ಟಿಗೆಯ ನೆನಪೂ ಬಾರದು. ಅನೇಕ ಹಳೆಯ ಕೆರೆಗಳಿಗಿರುವಂತೆ ಈ ಕೆರೆಗೂ ಒಂದು ಕಥೆಯುಂಟು. ಒಂದು ರಾತ್ರಿ ಗಂಗೆಯು ನೀರಗಂಟಿಗೆ ಕಾಣಿಸಿಕೊಂಡು, ಏರಿಯನ್ನೊಡೆದು ಹೊರಟುಹೋಗುವೆನೆಂದಳು. ಅರಸನಿಗೆ ತಿಳಿಸಿ ತಾನು ಹಿಂದಿರುಗುವವರೆಗೆ ನಿಲ್ಲಬೇಕೆಂದು ಅವನು ಬೇಡಿದನು, ಅವಳು ಒಪ್ಪಿದಳು. ಸುದ್ದಿಯನ್ನು ಕೇಳಿದ ಅರಸನು ಆ ನೀರಗಂಟಿಯು ಎಂದೆಂದಿಗೂ ಹಿಂದಿರುಗದಂತೆ ಅವನ ತಲೆಯನ್ನೇ ತೆಗೆಸಿದನು. ಗಂಗೆಯು ಇನ್ನೂ ಕಾಯುತ್ತಿರುವಳು. ಕೆರೆಯು ಇನ್ನೂ ನಿಂತಿರುವುದು. ಈ ಕಥೆಯನ್ನು ಅಜ್ಜಿಯ ಬಾಯಿಂದ ಕೇಳಿದ ಹುಡುಗನು ಏರಿಯ ಮೇಲೆ ನಡೆಯುವಾಗ ನೀರನ್ನು ನೋಡುವ ರೀತಿಯೇ ಬೇರೆ. ಕಣ್ಣಿಗೆ ಏನನ್ನೂ ಕಟ್ಟದೆ ಕಣ್ಣಿಗೆ ಕಟ್ಟುವುದೆಂದರೆ ಇದು.

ಈ ಹೋಬಳಿಯ ಒಂದು ಸರಕಾರಿ ಶಾಲೆಯಲ್ಲಿ ಒಬ್ಬ ಉಪಾಧ್ಯಾಯಿನಿ. ಸಮಾಜವಿಜ್ಞಾನವನ್ನೂ, ಬೇರೆ ಯಾರೂ ಇಲ್ಲದ ದಿನಗಳಲ್ಲಿ ವಿಜ್ಞಾನವನ್ನೂ ಬೋಧಿಸುವರು. ಕೆಲವು ನೂರು ರೂಪಾಯಿಗಳ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಸ್ವಂತ ಹಣದಿಂದ ಕೊಂಡು, ಸ್ವಂತ ಮೊಬೈಲನ್ನು ಅದಕ್ಕೆ ಸಿಕ್ಕಿಸಿ, ಒಂದು ದಿನ ಏಳನೆಯ ತರಗತಿಗೆ ತಂದರು. ತರಗತಿಯಲ್ಲಿ 28 ಮಕ್ಕಳು. ಪಾಠದ ಅವಧಿ 40 ನಿಮಿಷ. ಹಾಜರಿ ಕರೆದು, ಪೆಟ್ಟಿಗೆಯನ್ನು ಬಿಚ್ಚಿ ಕಟ್ಟಿ, ಮೂಗಿನ ಬಳಿ ಒರೆಸಿ ಕೊಡುವ ಹೊತ್ತನ್ನು ಕಳೆದರೆ ಒಬ್ಬೊಬ್ಬರ ಪಾಲಿಗೆ ಒಂದು ನಿಮಿಷವೂ ಉಳಿಯಲಿಲ್ಲ. ಅಂದಿನ ಪಾಠವು ಸಮುದ್ರ. ಆ ಮಕ್ಕಳಲ್ಲಿ ಸಮುದ್ರವನ್ನು ಕಂಡವರು ಧರ್ಮಸ್ಥಳದಿಂದ ಮುಂದೆ ಮಂಗಳೂರಿನವರೆಗೆ ಹೋಗಿಬಂದಿದ್ದ ಮೂವರು ಮಾತ್ರ.

ಮೊದಲ ದಿನ ಗದ್ದಲವೇ ಆಯಿತು. ಪೆಟ್ಟಿಗೆಯೊಳಗೆ ಮೀನುಗಳ ಹಿಂಡು ಮೈಮೇಲೆ ಬಂದಂತಾಗಿ ಒಬ್ಬ ಹುಡುಗಿಯು ಕಿರುಚಿಕೊಂಡಳು. ಅದನ್ನು ಕೇಳಿ ಉಳಿದವರಿಗೆ ತಾಳ್ಮೆಯು ತಪ್ಪಿತು. ಒಬ್ಬನು ಮುಂದಕ್ಕೆ ಕೈಚಾಚಿ ನಡೆದು ಕಪ್ಪುಹಲಗೆಯ ಮೂಲೆಗೆ ಹಣೆಯನ್ನು ತಗುಲಿಸಿಕೊಂಡನು. ಮಯನು ಕಟ್ಟಿದ ಸಭೆಯಲ್ಲಿ ದುರ್ಯೋಧನನು ಸ್ಫಟಿಕದ ನೆಲವನ್ನು ನೀರೆಂದು ತಿಳಿದು ಪಂಚೆ ಎತ್ತಿಕೊಂಡುದೂ, ನೀರನ್ನು ನೆಲವೆಂದು ತಿಳಿದು ಬಿದ್ದುದೂ, ಬಿದ್ದುದಕ್ಕಿಂತ ಹೆಚ್ಚಾಗಿ ಕಂಡವರು ನಕ್ಕುದು ಅವನನ್ನು ಸುಟ್ಟುದೂ ಎಲ್ಲರಿಗೂ ತಿಳಿದ ಕಥೆ. ಇಲ್ಲಿಯೂ ತರಗತಿಯು ನಕ್ಕಿತು. ಹುಡುಗನು ಆ ದಿನವೆಲ್ಲ ಯಾರೊಡನೆಯೂ ಮಾತನಾಡಲಿಲ್ಲ. ಗಂಟೆ ಹೊಡೆದಾಗ ಒಂಬತ್ತು ಮಕ್ಕಳು ಇನ್ನೂ ಪೆಟ್ಟಿಗೆಯನ್ನು ಮುಟ್ಟಿರಲಿಲ್ಲ. ಮುಟ್ಟಿದವರಿಗೆ ಸಮುದ್ರದ ವಿಷಯವಾಗಿ ಏನನ್ನು ಕೇಳಿದರೂ ‘ಸೂಪರ್ ಆಗಿತ್ತು ಮಿಸ್’ ಎಂಬುದಕ್ಕಿಂತ ಹೆಚ್ಚಿನ ಉತ್ತರವು ಬರಲಿಲ್ಲ.

ಎರಡನೆಯ ವಾರ ಆಕೆ ಪದ್ಧತಿಯನ್ನು ಬದಲಿಸಿದರು. ನೋಡುವವರು ಕುರ್ಚಿಯ ಮೇಲೆ ಕುಳಿತೇ ನೋಡಬೇಕು. ಒಂದು ದಿನಕ್ಕೆ ನಾಲ್ವರು. ಒಬ್ಬೊಬ್ಬರಿಗೆ ನಾಲ್ಕು ನಿಮಿಷ. ನೋಡುತ್ತಿರುವಾಗ ಬಾಯಿ ಮುಚ್ಚುವಂತಿಲ್ಲ. ಎಡಕ್ಕೇನು, ಬಲಕ್ಕೇನು, ಮೇಲೇನು, ಕೆಳಗೇನು, ಯಾವುದು ಹತ್ತಿರ, ಯಾವುದು ದೂರ ಎಂಬುದನ್ನು ಹೇಳುತ್ತಲೇ ಇರಬೇಕು. ಉಳಿದ ಇಪ್ಪತ್ತನಾಲ್ವರು ಕೇಳಿದಂತೆ ಬರೆದುಕೊಳ್ಳಬೇಕು, ಬಂದಂತೆ ಚಿತ್ರಿಸಬೇಕು, ತಿಳಿಯದಿದ್ದರೆ ಪ್ರಶ್ನಿಸಬೇಕು. ಹೇಳುವವನಿಗೆ ಶಬ್ದವು ಸಿಕ್ಕದೆ ತಡವರಿಸಿದಾಗ ಕೇಳುವವರೇ ಶಬ್ದವನ್ನು ಒದಗಿಸತೊಡಗಿದರು. ‘ಹೂಕೋಸಿನ ಥರ ಕಲ್ಲು’ ಎಂದು ಒಬ್ಬನು ಹೇಳಿದ್ದು ಹವಳ. ಅದು ಕಲ್ಲೋ ಗಿಡವೋ ಪ್ರಾಣಿಯೋ ಎಂಬ ಜಗಳವು ಹುಟ್ಟಿ, ಪುಸ್ತಕವನ್ನು ತೆರೆಯುವವರೆಗೆ ನಿಲ್ಲಲಿಲ್ಲ.

ಭಾರತವನ್ನು ಬಲ್ಲವರಿಗೆ ಇದು ಅಪರಿಚಿತವಾದ ಏರ್ಪಾಡಲ್ಲ. ಯುದ್ಧವನ್ನು ನೋಡುವ ದೃಷ್ಟಿಯನ್ನು ಕೊಡುವೆನೆಂದು ವ್ಯಾಸರು ಧೃತರಾಷ್ಟ್ರನಿಗೆ ಹೇಳಿದಾಗ, ಜ್ಞಾತಿವಧವನ್ನು ಕಣ್ಣಾರೆ ಕಾಣಲಾರೆನೆಂದು ಅವನು ಬೇಡವೆಂದನು. ದೃಷ್ಟಿಯು ಸಂಜಯನಿಗೆ ಸಂದಿತು. ಸಂಜಯನು ಕಂಡು ಸುಮ್ಮನಿದ್ದಿದ್ದರೆ ಅವನೊಬ್ಬನ ಕುತೂಹಲವು ತೀರುತ್ತಿತ್ತು. ಅವನು ಕಂಡುದನ್ನು ಕೇಳುವವನೊಬ್ಬನಿದ್ದುದರಿಂದ, ಆ ಕೇಳುವವನು ನಡುನಡುವೆ ಪ್ರಶ್ನಿಸುತ್ತಿದ್ದುದರಿಂದ, ಗೀತೆಯು ಲೋಕಕ್ಕೆ ದಕ್ಕಿತು. ದಿವ್ಯಚಕ್ಷುಸ್ಸನ್ನು ಪಡೆದ ಅರ್ಜುನನಾದರೋ ಕಂಡುದನ್ನು ತಾಳಲಾರದೆ ಹಿಂದಿನ ರೂಪವನ್ನೇ ತೋರೆಂದು ಬೇಡಿಕೊಂಡನು. ಹೆದರಿ ಪೆಟ್ಟಿಗೆಯನ್ನು ಕಿತ್ತುಹಾಕಿದ ಹುಡುಗಿಗೆ ಅಷ್ಟು ದೊಡ್ಡ ಜೊತೆಗಾರನಿರುವನೆಂದು ಯಾರಾದರೂ ಹೇಳಿದ್ದರೆ ಒಳ್ಳೆಯದಾಗುತ್ತಿತ್ತು.

ಆಕೆಯು ಅಭಾವದಿಂದ ಕಂಡುಕೊಂಡ ಈ ಉಪಾಯಕ್ಕೆ ವಿದೇಶದ ಪರೀಕ್ಷೆಗಳಿಂದಲೂ ಬೆಂಬಲವು ದೊರೆಯುತ್ತದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಾಂಟಾ ಬಾರ್ಬರಾ ಶಾಖೆಯ ಜೋಸೆಲಿನ್ ಪರೋಂಗ್ ಮತ್ತು ರಿಚರ್ಡ್ ಮೇಯರ್ ಎಂಬವರು 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ದೇಹದ ರಕ್ತಸಂಚಾರ ಮತ್ತು ಜೀವಕೋಶಗಳ ಪಾಠವನ್ನು ಕೆಲವರಿಗೆ ಪೆಟ್ಟಿಗೆಯಲ್ಲಿಯೂ ಕೆಲವರಿಗೆ ಗಣಕದ ಪರದೆಯ ಮೇಲೆ ಸಾಮಾನ್ಯವಾದ ಚಿತ್ರಗಳ ಸಾಲಿನಂತೆಯೂ ತೋರಿಸಿದರು. ಹೆಚ್ಚು ಸಂತೋಷಪಟ್ಟವರು ಪೆಟ್ಟಿಗೆಯವರು; ಹೆಚ್ಚು ಕಲಿತವರು ಪರದೆಯವರು. ಆದರೆ ಪೆಟ್ಟಿಗೆಯ ಪಾಠವನ್ನು ಭಾಗಭಾಗವಾಗಿ ನಿಲ್ಲಿಸಿ, ಪ್ರತಿಯೊಂದರ ಕೊನೆಯಲ್ಲಿ ಕಂಡುದನ್ನು ಸ್ವಂತ ಮಾತಿನಲ್ಲಿ ಸಂಗ್ರಹಿಸಿ ಬರೆಯಿರೆಂದಾಗ ಕಲಿಕೆಯು ಉತ್ತಮವಾಯಿತು. ಕೋಪನ್‌ಹೇಗನ್ನಿನ ಗೀಡೋ ಮಕ್ರಾನ್ಸ್ಕಿಯೂ ಸಹೋದ್ಯೋಗಿಗಳೂ 2019ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆಯಲ್ಲಿಯೂ, ಪೆಟ್ಟಿಗೆ ತೊಟ್ಟವರಿಗೆ ಅಲ್ಲಿಯೇ ಇದ್ದೇವೆಂಬ ಭಾವವು ಹೆಚ್ಚಿ, ಕಲಿತದ್ದು ಕಡಮೆಯಾಯಿತು. ಇವೆಲ್ಲ ಕಾಲೇಜಿನ ಪ್ರಾಯದವರ ಮೇಲೆ ನಡೆದ ಪರೀಕ್ಷೆಗಳಾದುದರಿಂದ ಹಳ್ಳಿಯ ಹನ್ನೆರಡು ವರ್ಷದವರಿಗೆ ನೇರವಾಗಿ ಹೊಂದಿಸುವುದು ಸಾಹಸವೇ. ಆದರೂ ಶ್ರವಣದ ಮೇಲೆ ಮನನವೂ ಮನನದ ಮೇಲೆ ನಿದಿಧ್ಯಾಸನವೂ ಬೇಕೆಂದು ಕಲಿತವರಿಗೆ ಈ ಫಲಿತಾಂಶದಿಂದ ಆಶ್ಚರ್ಯವಾಗದು. ದರ್ಶನವೊಂದರಿಂದಲೇ ವಿದ್ಯೆಯು ಬರುವಂತಿದ್ದರೆ ದೇವಸ್ಥಾನದ ಬಾಗಿಲು ಕಾಯುವವರೆಲ್ಲರೂ ಜ್ಞಾನಿಗಳಾಗಬೇಕಾಗಿತ್ತು.

ಪೆಟ್ಟಿಗೆಯಿಂದ ಹುಟ್ಟಿದ ಒಂದು ಪ್ರಶ್ನೆಯನ್ನು ಇಲ್ಲಿ ಹೇಳಲೇಬೇಕು. ಸಮುದ್ರವನ್ನು ನೋಡುತ್ತಿದ್ದ ಒಬ್ಬ ಹುಡುಗಿಯು ವರ್ಣನೆಯನ್ನು ನಡುವೆ ನಿಲ್ಲಿಸಿ, ‘ಮಿಸ್, ನಮ್ಮ ಅಯ್ಯನಕೆರೆ ನೀರೂ ಇಲ್ಲಿಗೇ ಬಂದು ಸೇರ್ತದಾ?’ ಎಂದಳು. ಪೆಟ್ಟಿಗೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಮರುದಿನ ಗೋಡೆಗೆ ರಾಜ್ಯದ ಭೂಪಟವನ್ನು ತೂಗುಹಾಕಲಾಯಿತು. ಘಟ್ಟದ ಕೆಳಗಿನ ಸಮುದ್ರವು ಪಶ್ಚಿಮಕ್ಕೆ ಹತ್ತಿರದಲ್ಲಿದ್ದರೂ ಈ ಕೆರೆಯ ನೀರು ಅದಕ್ಕೆ ಬೆನ್ನು ತಿರುಗಿಸಿ ಪೂರ್ವಕ್ಕೆ ಹರಿಯುವುದೆಂಬುದೇ ಮಕ್ಕಳಿಗೆ ಮೊದಲ ಆಶ್ಚರ್ಯ. ಅಯ್ಯನಕೆರೆಯಿಂದ ಹೊರಟ ವೇದಾನದಿಯೂ, ಮದಗದ ಕೆರೆಯ ಕಡೆಯಿಂದ ಬಂದ ಅವತಿಯೂ ಕಡೂರಿನ ಬಳಿ ಕೂಡಿ ವೇದಾವತಿಯಾಗುವುವು. ವೇದಾವತಿಯು ಹೊಸದುರ್ಗದ ಸೀಮೆಯನ್ನು ದಾಟಿ ಹಿರಿಯೂರಿನ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರಕ್ಕೆ ಬಂದು ನಿಲ್ಲುವುದು. ಅಲ್ಲಿಂದಾಚೆಗೆ ಅದು ಹಗರಿಯೆಂಬ ಹೆಸರಿನಿಂದ ತುಂಗಭದ್ರೆಯನ್ನೂ, ಆಕೆಯ ಮೂಲಕ ಕೃಷ್ಣೆಯನ್ನೂ, ಕಡೆಗೆ ಬಂಗಾಳ ಕೊಲ್ಲಿಯನ್ನೂ ಸೇರಬೇಕು.

ಸೇರಬೇಕು, ಆದರೆ ಸೇರುವುದೇ? 1907ರಲ್ಲಿ ಕಟ್ಟೆಯು ಮುಗಿದ ಮೇಲೆ ಆ ಸುಮಾರು 30 ಟಿ.ಎಂ.ಸಿ.ಯ ಜಲಾಶಯವು ತುಂಬಿ ಕೋಡಿಬಿದ್ದಿದ್ದು 1933ರಲ್ಲಿ. ಅದರ ತರುವಾಯ 89 ವರ್ಷ ಕಾಲ ಕೋಡಿಯು ಒಣಗಿಯೇ ಇತ್ತು. 2022ರ ಮಳೆಗಾಲದಲ್ಲಿ ಮತ್ತೆ ಹರಿಯಿತು. 2025ರ ಆರಂಭದಲ್ಲಿ ಇನ್ನೊಮ್ಮೆ. ಭದ್ರಾ ಮೇಲ್ದಂಡೆ ಯೋಜನೆಯ ನೀರನ್ನು ಅಜ್ಜಂಪುರದ ಸುರಂಗದ ಮೂಲಕ ಇತ್ತ ತಿರುಗಿಸಿರುವುದೂ ಜಲಾಶಯವು ತುಂಬುವುದಕ್ಕೆ ನೆರವಾಯಿತು. ಉಪಾಧ್ಯಾಯಿನಿಯು ಇದನ್ನೆಲ್ಲ ಹೇಳಿ ಮುಗಿಸಿದಾಗ ಆ ಹುಡುಗಿಯು ಬೆರಳು ಮಡಿಸಿ ಲೆಕ್ಕಹಾಕಿ, ‘ಹಂಗಾರೆ ನಮ್ಮಜ್ಜ ಹುಟ್ಟಿದ ಮ್ಯಾಲೆ ನಮ್ಮ ನೀರು ಕಣಿವೆ ದಾಟಿದ್ದು 2022ರಾಗೇ ಮೊದಲಾ ಮಿಸ್?’ ಎಂದು ಕೇಳಿದಳು. ತಾತನನ್ನು ಸೇರಿಸಿಕೊಂಡು ಜಲಾಶಯದ ಚರಿತ್ರೆಯನ್ನು ಅಳೆಯುವ ಬುದ್ಧಿಯನ್ನು ಯಾವ ಯಂತ್ರವೂ ಕೊಡಲಾರದು. ಆದರೆ ಆ ಪೆಟ್ಟಿಗೆಯ ಸಮುದ್ರವಿಲ್ಲದೆ ಪ್ರಶ್ನೆಯೇ ಏಳುತ್ತಿರಲಿಲ್ಲವೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಭೂಪಟವು ಆ ಶಾಲೆಯಲ್ಲಿ ಅನೇಕ ವರ್ಷಗಳಿಂದ ಸುರುಳಿ ಸುತ್ತಿಕೊಂಡು ಬೀರುವಿನ ಮೇಲೆಯೇ ಇತ್ತು.

ಇನ್ನೊಂದು ಸಂಗತಿಯು ಇದಕ್ಕಿಂತ ಗಂಭೀರವಾದುದು. ಸರದಿಯ ಮೇಲೆ ಪೆಟ್ಟಿಗೆಯನ್ನು ಕಟ್ಟಿಕೊಂಡ ಒಬ್ಬ ಹುಡುಗನು ಹತ್ತಿರ ದೂರಗಳನ್ನು ಹೇಳಲಾರದೆ ಹೋದನು. ‘ಎಲ್ಲ ಗೋಡೆಗೆ ಅಂಟಿಸಿದಂಗೆ ಐತೆ’ ಎಂದನು. ಬೇರೆಯವರು ಮೈಗೆ ಬಂತೆಂದು ಹಿಂಜರಿದ ಮೀನು ಅವನಿಗೆ ಕ್ಯಾಲೆಂಡರಿನ ಮೀನಿನಂತೆ ಕಂಡಿತು. ತರಗತಿಯು ಅವನನ್ನು ದಡ್ಡನೆಂದಿತು. ಉಪಾಧ್ಯಾಯಿನಿಯು ಪೆಟ್ಟಿಗೆಯನ್ನು ತೆಗೆದಿಟ್ಟು, ಅವನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಕಪ್ಪುಹಲಗೆಯನ್ನು ಓದೆಂದರು. ಅವನು ಓದಲಿಲ್ಲ. ಚಿಕ್ಕಮಗಳೂರಿನಲ್ಲಿ ಕಣ್ಣಿನ ವೈದ್ಯರು ನೋಡಿ, ಎಡಗಣ್ಣು ಎಳವೆಯಿಂದಲೇ ಸೋಮಾರಿಯಾಗಿದೆಯೆಂದರು. ಒಂದು ಕಣ್ಣು ಸರಿಯಾಗಿದ್ದರೆ ಮಗುವು ಓಡುತ್ತದೆ, ಆಡುತ್ತದೆ, ಓದುತ್ತದೆ; ಇನ್ನೊಂದರ ಕೊರತೆಯು ಮಗುವಿಗೇ ತಿಳಿಯುವುದಿಲ್ಲ, ಮನೆಯವರಿಗಂತೂ ಇಲ್ಲ. ಏಳೆಂಟು ವರ್ಷದೊಳಗೆ ಕಂಡುಹಿಡಿದು, ಒಳ್ಳೆಯ ಕಣ್ಣಿಗೆ ದಿನವೂ ಕೆಲವು ಗಂಟೆ ಪಟ್ಟಿ ಹಾಕಿ, ಸೋಮಾರಿ ಕಣ್ಣಿಗೆ ದುಡಿತವನ್ನು ಕಲಿಸಿದರೆ ಬಹಳ ಮಟ್ಟಿಗೆ ಸರಿಹೋಗುವುದು. ಇವನಿಗೆ ಹನ್ನೆರಡು. ಕನ್ನಡಕವನ್ನೂ ಪಟ್ಟಿಯನ್ನೂ ಕೊಟ್ಟಿರುವರು. ಎಷ್ಟು ಫಲಿಸುವುದೆಂಬುದನ್ನು ಕಾದು ನೋಡಬೇಕು. ಪೆಟ್ಟಿಗೆಯೇ ನೇತ್ರಪರೀಕ್ಷೆಯೆಂದು ಯಾರೂ ಭ್ರಮಿಸಬಾರದು. ಒಂದನೆಯ ತರಗತಿಯಲ್ಲಿ ಮಗುವನ್ನು ನಿಲ್ಲಿಸಿ ಒಂದೊಂದು ಕಣ್ಣನ್ನು ಮುಚ್ಚಿ ಅಕ್ಷರ ಓದಿಸುವುದಕ್ಕೆ ಯಾವ ಯಂತ್ರವೂ ಬೇಕಿಲ್ಲ, ಒಂದು ಅಂಗೈ ಸಾಕು.

ಪೆಟ್ಟಿಗೆಯು ಕಣ್ಣಿಗೆ ಹಿತವಾದುದೇ ಎಂಬ ಶಂಕೆಯೂ ಸಹಜ. ಮಕ್ಕಳ ಕಣ್ಣುಗಳ ನಡುವಣ ಅಂತರವು ದೊಡ್ಡವರದಕ್ಕಿಂತ ಕಡಮೆ. ಅಗ್ಗದ ಪೆಟ್ಟಿಗೆಗಳ ಮಸೂರಗಳನ್ನು ಅದಕ್ಕೆ ಹೊಂದಿಸಲು ಬರುವುದಿಲ್ಲ. ಕಣ್ಣು ಚಲಿಸಿದೆನೆಂದೂ ಕಿವಿಯೊಳಗಣ ಸಮತೋಲದ ಇಂದ್ರಿಯವು ಕುಳಿತೇ ಇರುವೆನೆಂದೂ ಸಾಕ್ಷಿ ಹೇಳಿದಾಗ, ಘಾಟಿಯ ಬಸ್ಸಿನಲ್ಲಿ ಆಗುವಂತೆ, ಕೆಲವರಿಗೆ ತಲೆ ತಿರುಗಿ ವಾಂತಿ ಬರುವುದು. ದೊಡ್ಡ ಬೆಲೆಯ ಪೆಟ್ಟಿಗೆಗಳನ್ನು ತಯಾರಿಸುವ ಮೆಟಾ ಸಂಸ್ಥೆಯು ಬಹುಕಾಲ ಅವು 13 ವರ್ಷಕ್ಕೆ ಕೆಳಗಿನವರಿಗಲ್ಲವೆನ್ನುತ್ತಿದ್ದು, 2023ರಲ್ಲಿ ತಂದೆತಾಯಿಗಳ ನಿಗಾ ಇದ್ದರೆ 10 ವರ್ಷದವರಿಗೂ ಆಗಬಹುದೆಂದಿತು. ಮೂರು ವರ್ಷವನ್ನು ಕಡಮೆ ಮಾಡಿದುದು ವೈದ್ಯಶಾಸ್ತ್ರವೋ ವ್ಯಾಪಾರವೋ ಎಂಬುದನ್ನು ವಾಚಕರೇ ಊಹಿಸಬಹುದು. ನಾಲ್ಕು ನಿಮಿಷದ ಕಟ್ಟು ಹೇಗೂ ಒಳ್ಳೆಯದು.

ಈ ನಡುವೆ ಅದೇ ಶಾಲೆಯಲ್ಲಿ ಓದಿ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಒಬ್ಬರು ಸುದ್ದಿಯನ್ನು ಕೇಳಿ, ಒಂದೊಂದಕ್ಕೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಹತ್ತು ಪೆಟ್ಟಿಗೆಗಳನ್ನು ಕೊಡುವೆನೆಂದು ಮುಂದೆ ಬಂದರು. ಶಾಲಾಭಿವೃದ್ಧಿ ಸಮಿತಿಯು ಸೇರಿತು. ಅಡಕೆ ತೆಂಗು ಬೆಳೆಯುವ ಹಿರಿಯರೊಬ್ಬರು ವಿಷಯವನ್ನು ಕೇಳಿ, ‘ನೋಡಮ್ಮ, ಹಂಪೆ ಏನು ಅಮೇರಿಕದಾಗೆ ಐತಾ? ಆ ದುಡ್ಡಿಗೆ ಬಸ್ಸು ಮಾಡಿ ಎಲ್ಲಾ ಮಕ್ಕಳನ್ನೂ ಕರ್ಕೊಂಡೋಗಿ ತೋರ್ಸಿ ಬರಾಣ. ಕಣ್ಣಿಗೆ ಡಬ್ಬ ಕಟ್ಟಿ ತೋರ್ಸೋದು ಯಾಕೆ?’ ಎಂದರು. ಆ ಮಾತಿನಲ್ಲಿ ತೂಕವಿತ್ತು. ಏರಿಯ ಮೇಲೆ ನಡೆದುಹೋದರೆ ಕಾಣುವ ಕೆರೆಯನ್ನು ಪೆಟ್ಟಿಗೆಯಲ್ಲಿ ತೋರಿಸುವುದು, ಅಂಗಳದಲ್ಲಿರುವ ತುಳಸಿಯನ್ನು ಪಟದಲ್ಲಿ ಪೂಜಿಸಿದಂತೆ.

ಉಪಾಧ್ಯಾಯಿನಿಯು, ‘ಹೌದು ಯಜಮಾನ್ರೇ, ಹಂಪೆಗೆ ಹೋಗೋಣ. ಆದರೆ ಹಂಪೆಯಲ್ಲಿ ಈಗ ಇಲ್ಲದ್ದನ್ನ ಬಸ್ಸಲ್ಲಿ ಹೋಗಿ ನೋಡೋಕಾಗಲ್ಲವಲ್ಲ’ ಎಂದರು. ಈ ಮಾತೂ ಹಗುರವಾದುದಲ್ಲ. ಭಾರತ ಸರಕಾರದ ವಿಜ್ಞಾನ ತಂತ್ರಜ್ಞಾನ ಇಲಾಖೆಯು ಹಂಪೆಯನ್ನೇ ಮುಖ್ಯ ವಿಷಯವಾಗಿ ಆರಿಸಿಕೊಂಡು ನಡೆಸಿದ ಗಣಕಪರಂಪರೆಯ ಯೋಜನೆಯಲ್ಲಿ ಬೆಂಗಳೂರಿನ ವಿದ್ಯಾಸಂಸ್ಥೆಗಳೂ ಐ.ಐ.ಟಿ.ಗಳೂ ಕೂಡಿ ದುಡಿದವು. ಮುರಿದ ಕಂಬಗಳನ್ನೂ ಭಿನ್ನವಾದ ವಿಗ್ರಹಗಳನ್ನೂ ಅಳೆದು, ಅವು ಹೇಗಿದ್ದಿರಬಹುದೆಂಬುದನ್ನು ಗಣಕದಲ್ಲಿ ಮತ್ತೆ ನಿಲ್ಲಿಸುವುದಕ್ಕೆ ಪ್ರಯತ್ನಿಸಿದರು. ಆ ಕೆಲಸದ ವಿವರಣೆಯು 2017ರಲ್ಲಿ ಡಿಜಿಟಲ್ ಹಂಪಿ ಎಂಬ ಇಂಗ್ಲಿಷ್ ಗ್ರಂಥವಾಗಿ ಹೊರಬಂದಿತು. ಅದಕ್ಕೂ ಮೊದಲು ಸಾರಾ ಕೆಂಡರ್ಡೈನ್ ಮತ್ತು ಜೆಫ್ರಿ ಷಾ ಎಂಬ ಕಲಾವಿದರು ಹಂಪೆಯ ಜೋಡಿಚಿತ್ರಗಳನ್ನು ತೆಗೆದು, ನೋಡುವವನು ನಡುವೆ ನಿಂತು ಸುತ್ತಲೂ ತಿರುಗಿ ಕಾಣುವಂತೆ ದೊಡ್ಡ ಪರದೆಗಳ ಮೇಲೆ ಏರ್ಪಡಿಸಿದ್ದರು. ಬಳ್ಳಾರಿಯ ಸೀಮೆಯ ತೋರಣಗಲ್ಲಿನಲ್ಲಿಯೂ ಅದನ್ನು ಸ್ಥಾಪಿಸಲಾಯಿತು. ಅಲ್ಲಿ ಯಾರ ಕಣ್ಣಿಗೂ ಪೆಟ್ಟಿಗೆಯನ್ನು ಬಿಗಿಯುವುದಿಲ್ಲ. ನಾಲ್ಕಾರು ಮಂದಿ ಒಟ್ಟಿಗೆ ನಿಂತು ನೋಡಬಹುದು, ಮಾತನಾಡಬಹುದು. ಶಾಲೆಗೆ ಒಪ್ಪುವ ಮಾದರಿ ಯಾವುದೆಂದರೆ ಅದೇ ಹೆಚ್ಚು ಸಮೀಪವೆನ್ನಬೇಕು. ಹತ್ತು ಪೆಟ್ಟಿಗೆಗಳು ಬಂದರೆ ಹತ್ತು ಮಕ್ಕಳು ಒಂದೇ ಕೊಠಡಿಯಲ್ಲಿ ಹತ್ತು ಬೇರೆ ಲೋಕಗಳಲ್ಲಿ ಮೌನವಾಗಿ ಕುಳಿತಿರುವರು; ಸಂಜಯರೇ ಹತ್ತು ಮಂದಿಯಾದ ಮೇಲೆ ಕೇಳುವವರು ಯಾರು?

ಸಮಿತಿಯಲ್ಲಿ ಎರಡು ಗಂಟೆಯ ಕಾಲ ಮಾತು ನಡೆಯಿತು. ಹತ್ತಿರದ ಖಾಸಗಿ ಶಾಲೆಗೆ ಮಕ್ಕಳು ಹೋಗದಂತೆ ತಡೆಯುವುದಕ್ಕೆ ಪೆಟ್ಟಿಗೆಗಳ ಫೋಟೋವನ್ನಾದರೂ ಗೇಟಿನ ಮೇಲೆ ಹಾಕಿಸಬೇಕೆಂದು ಒಬ್ಬರು. ಹುಡುಗಿಯರ ಶೌಚಾಲಯದ ಬಾಗಿಲು ಮೊದಲು ರಿಪೇರಿಯಾಗಲೆಂದು ಒಬ್ಬ ತಾಯಿ. ಆ ತಾಯಿಯ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ; ಬಾಗಿಲು ಮಾತ್ರ ಮರುವಾರ ರಿಪೇರಿಯಾಯಿತು. ಕಡೆಗೆ, ಹತ್ತಕ್ಕೆ ಬದಲು ಎರಡು ಪೆಟ್ಟಿಗೆಗಳನ್ನು ಕೊಟ್ಟರೆ ಸಾಕೆಂದೂ, ಉಳಿದ ಹಣದಲ್ಲಿ ಒಂದನೆಯಿಂದ ಏಳನೆಯವರೆಗಿನ ಎಲ್ಲ ಮಕ್ಕಳ ಕಣ್ಣನ್ನು ಪರೀಕ್ಷೆ ಮಾಡಿಸಿ, ಮೂರು ದಿನ ಬಸ್ಸಿನ ಏರ್ಪಾಡು ಮಾಡಬೇಕೆಂದೂ ದಾನಿಗಳಿಗೆ ಪತ್ರ ಬರೆಯುವುದೆಂದು ತೀರ್ಮಾನವಾಯಿತು. ಹೋಗಬೇಕಾದ ಸ್ಥಳಗಳ ಪಟ್ಟಿಯನ್ನು ಏಳನೆಯ ತರಗತಿಯವರೇ ಬರೆಯಲೆಂದು ಹಿರಿಯರು ಸೂಚಿಸಿದರು.

ಪತ್ರವು ಹೋಗಿದೆ, ಉತ್ತರವು ಇನ್ನೂ ಬಂದಿಲ್ಲ. ಪಟ್ಟಿಯಲ್ಲಿ ಮೊದಲನೆಯದು ಅಯ್ಯನಕೆರೆಯ ಏರಿ, ಎರಡನೆಯದು ಅಮೃತಾಪುರ. ಮೂರನೆಯ ಸಾಲನ್ನು ಆ ಹುಡುಗಿಯು ತನ್ನ ಅಕ್ಷರದಲ್ಲಿಯೇ ಬರೆದಿರುವಳು: ಮಾರಿಕಣಿವೆ, ಕೋಡಿ ಇರುವ ಕಡೆ, ಅಜ್ಜನೂ ಬರಬಹುದೇ?